ಐವರಿಗೂ ಒಂದೇ ಮೇಜು

"ಮಷಿನ್ ಸರಿಯಾಗೇ ಇದೆ. ತಪ್ಪು ಅದರ ಮುಂದೆ ಕೂತಿರೋರದ್ದು. ಸೂಜಿ ಉಲ್ಟಾ ಹಾಕಿದ್ದೀರಿ."

ಓದಿದ್ದೇ ತಡ, ಅವಳ ಮೈಯೆಲ್ಲ ಉರಿದುಹೋಯಿತು!

ಹನ್ನೆರಡು ವರ್ಷದಿಂದ ಬಟ್ಟೆ ಹೊಲಿಯುತ್ತಿರುವವಳು ಅವಳು. ಅತ್ತಿಗೆಯ ಜೊತೆ ಸೇರಿ ಸ್ವಂತ ಟೈಲರಿಂಗ್ ಅಂಗಡಿ ನಡೆಸುವವಳು. ಮಷಿನ್ ಎರಡು ದಿನದಿಂದ ಹೊಲಿಗೆ ಬಿಟ್ಟು ಬಿಟ್ಟು ಹಾಕುತ್ತಿದೆ, ಏನು ಮಾಡಲಿ ಎಂದು 'ಹೊಲಿಗೆ ಕಟ್ಟೆ'ಯಲ್ಲಿ ವಿನಯವಾಗಿ ಕೇಳಿದರೆ ಇದಾ ಉತ್ತರ?

ಹೊಲಿಗೆ ಕಟ್ಟೆ ಎಂದರೆ ಇಂಟರ್ನೆಟ್ಟಿನಲ್ಲಿರುವ ಒಂದು ಪುಟ್ಟ ಚರ್ಚೆಯ ತಾಣ. ಬಟ್ಟೆ, ದಾರ, ಮಷಿನ್ ಎಂದು ತಲೆ ಕೆಡಿಸಿಕೊಂಡವರು ಸೇರುವ ಜಾಗ. ಅಲ್ಲಿ ಯಾರೂ ಸ್ವಂತ ಹೆಸರಿನಲ್ಲಿ ಬರೆಯುವುದಿಲ್ಲ. ಇವಳು 'ಸೂಜಿಮೊನೆ'. ಈ ಉತ್ತರ ಬರೆದ ಮಹಾನುಭಾವ 'ಎಣ್ಣೆಡಬ್ಬಿ'.

'ಎಣ್ಣೆಡಬ್ಬಿಯಂತೆ, ಎಣ್ಣೆಡಬ್ಬಿ! ಮಾತಲ್ಲಿ ಒಂದು ಹನಿ ಎಣ್ಣೆ ಇಲ್ಲ...' ಎಂದು ಗೊಣಗುತ್ತಲೇ ಅವಳು ಸೂಜಿ ಬಿಚ್ಚಿ ನೋಡಿದಳು.

ಸೂಜಿಯ ಚಪ್ಪಟೆ ಬದಿ ಇರಬೇಕಾದ ಕಡೆ ಇರಲಿಲ್ಲ. ತಿರುಗಿಸಿ ಹಾಕಿ ಪೆಡಲ್ ತುಳಿದಳು. ಹೊಲಿಗೆ ಸರಸರನೆ ಓಡಿತು.

ಎದುರಿಗೆ ಅಂಗಿಯ ಗುಂಡಿಗೆ ಕಾಜಾ ಹಾಕುತ್ತಿದ್ದ ಅತ್ತಿಗೆ ತಲೆ ಎತ್ತಿದಳು. "ಏನಾಗಿತ್ತೇ?"

"ಏನೂ ಇಲ್ಲ ಅತ್ತಿಗೆ. ಧೂಳು ಕೂತಿತ್ತು."

ಸುಳ್ಳು! ಅವನ ವಿಷಯದಲ್ಲಿ ಅವಳು ಹೇಳಿದ ಮೊದಲ ಸುಳ್ಳು ಅದು. ಕೊನೆಯದಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಜಗಳದಿಂದ ಶುರುವಾದದ್ದು ದಿನಚರಿಯಾಗಲು ಬಹಳ ದಿನ ಬೇಕಾಗಲಿಲ್ಲ. ಅವನು ಹೊಲಿಗೆ ಮಷಿನ್ ರಿಪೇರಿ ಮಾಡುವವನು. ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಅರ್ಧ ಗಂಟೆ ಕಟ್ಟೆಯಲ್ಲಿ ಕೂರುತ್ತಿದ್ದ. ಇವಳೂ ಚಹಾ ಲೋಟ ಹಿಡಿದು ಅದೇ ಹೊತ್ತಿಗೆ ಹಾಜರ್! ಅವನು ಅಡಿದಾರ ಸುತ್ತುವ ಬಾಬಿನ್ ಬಗ್ಗೆ ಬರೆದರೂ ಇವಳಿಗೆ ಅದರಲ್ಲಿ ಏನೋ ಕಾಣುತ್ತಿತ್ತು. 'ಇವತ್ತು ಇಲ್ಲಿ ಮೋಡ. ಬೆಲ್ಟು ಬಿಗಿಯಾಗಿದೆ, ಸ್ವಲ್ಪ ಸಡಿಲ ಬಿಡಿ' ಎಂದು ಅವನು ಬರೆದ ದಿನ, ಆ ಮೋಡದ ಮಾತನ್ನು ತನಗಾಗಿಯೇ ಬರೆದದ್ದೆಂದು ಅವಳು ನಾಲ್ಕು ಸಲ ಓದಿದ್ದಳು.

ಅವನ ಹೆಸರು ಗೊತ್ತಿಲ್ಲ. ಊರು ಗೊತ್ತಿಲ್ಲ. ಮುಖ ನೋಡಿಲ್ಲ. ಕೇಳೋಣವೆಂದರೆ... ಛೆ, ಹೇಗೆ ಕೇಳುವುದು?

ಅಷ್ಟರಲ್ಲಿ ಕಟ್ಟೆಗೇ ಕುತ್ತು ಬಂತು.

ಕಟ್ಟೆ ಶುರುಮಾಡಿದ್ದ ಹಿರಿಯ ಟೈಲರ್ ಕಣ್ಣು ಮಂಜಾದ ಮೇಲೆ ಅದರ ಮೇಲ್ವಿಚಾರಣೆಯನ್ನು ಇವಳಿಗೆ ಒಪ್ಪಿಸಿದ್ದರು. ಹಳಬರು ಒಬ್ಬೊಬ್ಬರಾಗಿ ಕಾಣೆಯಾಗಿ, ಕೊನೆಗೆ ದಿನಾ ಬರೆಯುವವರು ಇವರಿಬ್ಬರೇ ಉಳಿದಿದ್ದರು. ಆಗ ಕಟ್ಟೆಗೆ ಇಂಟರ್ನೆಟ್ಟಿನಲ್ಲಿ ಜಾಗ ಕೊಟ್ಟಿದ್ದ ಕಂಪನಿಯಿಂದ ಪತ್ರ ಬಂತು. ಈ ವರ್ಷದ ಕೊನೆಯ ತಿಂಗಳಲ್ಲಿ ಹತ್ತು ಬೇರೆ ಬೇರೆ ಜನ ಬರೆದಿರಬೇಕು, ಇಲ್ಲದಿದ್ದರೆ ಕಟ್ಟೆಯನ್ನು ಅಳಿಸಿಹಾಕುತ್ತೇವೆ!

ಕಟ್ಟೆ ಹೋದರೆ ಹೋಗಲಿ ಎನ್ನಬಹುದಿತ್ತು. ಆದರೆ ಅವನು? ಈ ಜಗತ್ತಿನಲ್ಲಿ ಅವನನ್ನು ಹುಡುಕಲು ಅವಳಿಗಿದ್ದದ್ದು ಅದೊಂದೇ ಬಾಗಿಲು.

ಆ ಗಾಬರಿಯಲ್ಲಿ ಅವಳೊಂದು ಎಡವಟ್ಟು ಮಾಡಿದಳು.

ಐದು ಜನರನ್ನು ತಾನೇ ಹುಟ್ಟಿಸಿದಳು! 'ಹೊಸ ಸೊಸೆ', 'ಹಾಸ್ಟೆಲ್ ಹುಡುಗಿ', 'ನಿವೃತ್ತ ನರ್ಸ್', 'ಪರದೆ ಅಂಗಡಿ', 'ಕಲಿಯುವವ'. ಜನ ಇದ್ದ ಕಡೆ ಜನ ಬರುತ್ತಾರಲ್ಲ, ಮೊದಲು ಗದ್ದಲ ಕಾಣಲಿ ಎಂಬುದು ಅವಳ ಲೆಕ್ಕ. ಐವರ ಹೆಸರಿನಲ್ಲೂ ಪ್ರಶ್ನೆ ಕೇಳಿದಳು, ಫೋಟೋ ಹಾಕಿದಳು.

ಎಣ್ಣೆಡಬ್ಬಿ ಅರಳಿಬಿಟ್ಟ. ಐವರಿಗೂ ಉದ್ದುದ್ದ ಉತ್ತರ! ನಿವೃತ್ತ ನರ್ಸಿಗೆ ಅರ್ಥವಾಗಲೆಂದು ಚೆನ್ನಾಗಿದ್ದ ತನ್ನ ಮಷಿನ್ನನ್ನೇ ಬಿಚ್ಚಿ, ಒಂದೊಂದು ಭಾಗದ ಫೋಟೋ ತೆಗೆದು ಹಾಕಿದ. ಹಾಸ್ಟೆಲ್ ಹುಡುಗಿಗೆ 'ಬಾಬಿನ್ ಕೇಸ್ ನಾನೇ ಕಳಿಸ್ತೀನಿ ತಂಗೀ, ವಿಳಾಸ ಕೊಡು' ಎಂದ.

ಅದನ್ನು ಓದಿದ ದಿನ ಅವಳಿಗೆ ಅನ್ನ ಸೇರಲಿಲ್ಲ. 'ಹೇಳಿಬಿಡಲಾ? ನಾಳೆ ಹೇಳ್ತೀನಿ...'

ನಾಳೆ ಬರುವಷ್ಟರಲ್ಲಿ ಅವನೇ ಬರೆದಿದ್ದ.

"ಐದು ಜನರ ಫೋಟೋದಲ್ಲೂ ಮೇಜಿನ ಮೂಲೆಯಲ್ಲಿ ಇಸ್ತ್ರಿ ಪೆಟ್ಟಿಗೆ ಸುಟ್ಟ ಒಂದೇ ಗುರುತು. ಸೂಜಿಮೊನೆ ಅವರ ಮೊದಲ ಫೋಟೋದಲ್ಲೂ ಅದೇ. ಅರ್ಥ ಆಯ್ತು. ಇಲ್ಲಿ ನನ್ನ ಅಂಗಡಿಗೆ ಬರೋರಲ್ಲಿ, ಮಷಿನ್ನನ್ನ ಗುಜರಿಗೆ ಹಾಕೋಕೆ ಮುಂಚೆ ಒಂದು ಮಾತು ಕೇಳೋಣ ಅನ್ನೋರೇ ಜಾಸ್ತಿ. ಐದು ಜನ ಹೊಸದಾಗಿ ಕಲೀತಿದ್ದಾರೆ ಅನ್ನೋ ಖುಷಿಗೆ ನಾನು ಬೇಗ ಎದ್ದು ಕೂರ್ತಿದ್ದೆ. ನನ್ನನ್ನ ಚೆನ್ನಾಗಿ ಆಡಿಸಿದ್ರಿ. ನಮಸ್ಕಾರ."

ಅವಳು ಅವನ ಹೆಸರನ್ನು ಒತ್ತಿದಳು. ಈ ಸದಸ್ಯರು ಖಾತೆಯನ್ನು ತೆಗೆದುಹಾಕಿದ್ದಾರೆ ಎಂದು ಬಂತು. ಅಷ್ಟೇ.

"ಯಾಕೇ ಹೀಗೆ ಕೂತಿದ್ದೀಯ?" ಎಂದು ಅತ್ತಿಗೆ ಕೇಳಿದ್ದೇ ಸಾಕಾಯಿತು. ಅವಳು ಬಿಕ್ಕಿ ಬಿಕ್ಕಿ ಅತ್ತಳು. ಎಲ್ಲವನ್ನೂ ಹೇಳಿದಳು, ಸೂಜಿ ಉಲ್ಟಾ ಹಾಕಿದ್ದನ್ನೂ ಬಿಡದೆ.

ಅತ್ತಿಗೆ ಕೊನೆಯವರೆಗೂ ಕೇಳಿಸಿಕೊಂಡಳು. ಆಮೇಲೆ ಹಣೆ ಚಚ್ಚಿಕೊಂಡಳು.

"ನಿನ್ನ ಅಣ್ಣ ಮದುವೆಗೆ ಮುಂಚೆ ನನಗೆ ಬರೆದದ್ದು ಒಂದೇ ಕಾಗದ, ಅದೂ ಅವರಿವರನ್ನ ಕೇಳಿ ಬರೆದದ್ದು. ನಿನಗೆ ಒಬ್ಬ ಎಣ್ಣೆ ಬಿಡೋದನ್ನೂ ಪ್ರೀತಿಯಿಂದ ಹೇಳಿಕೊಡೋನು ಸಿಕ್ಕಿದ್ದ. ಅವನ ಎದುರು ಐದು ವೇಷ ಹಾಕಿದೆಯಲ್ಲೇ ಪುಣ್ಯಾತ್ಗಿತ್ತಿ!"

"ಈಗ ಏನು ಮಾಡ್ಲಿ ಅತ್ತಿಗೆ?"

"ವೇಷ ಕಳಚು. ಮೊದಲು ಅಷ್ಟು ಮಾಡು."

ಅವಳು ಐದು ಸುಳ್ಳು ಸದಸ್ಯರನ್ನೂ ಅಳಿಸಿದಳು. ಕಟ್ಟೆಯ ಮೊದಲ ಪುಟದಲ್ಲಿ, ಬಂದವರಿಗೆಲ್ಲ ಕಾಣುವಂತೆ ಬರೆದಳು. "ಆ ಐವರೂ ನಾನೇ. ಕಟ್ಟೆ ಉಳಿಯಲಿ ಅಂತ ಮಾಡಿದೆ, ಆದರೆ ಮಾಡಿದ್ದು ಮೋಸವೇ. ಎಣ್ಣೆಡಬ್ಬಿಯವರೇ, ನೀವು ಬಿಚ್ಚಿಟ್ಟ ಆ ಮಷಿನ್ ಫೋಟೋಗಳನ್ನು ನೋಡಿ ನಾನು ನಿಜವಾಗಿಯೂ ಕಲಿತೆ. ಒಮ್ಮೆ ಬಂದು ಬೈದಾದರೂ ಹೋಗಿ."

ಅವನು ಬರಲಿಲ್ಲ.

ಆದರೆ ಕಟ್ಟೆ ಇದ್ದರೆ ತಾನೇ ಅವನು ಬರುವುದು? ಅವನು ಎಂದಾದರೂ ತಿರುಗಿ ನೋಡಿದಾಗ ದೀಪ ಉರಿಯುತ್ತಿರಬೇಕು. ಈ ಸಲ ನಿಜವಾದ ಜನರನ್ನೇ ಕರೆಯಬೇಕೆಂದು ಅವಳು ಟೊಂಕ ಕಟ್ಟಿದಳು.

ಹೊಲಿದು ಕೊಡುವ ಪ್ರತಿ ಬಟ್ಟೆಯ ಜೇಬಿನಲ್ಲೂ ಕಟ್ಟೆಯ ವಿಳಾಸದ ಚೀಟಿ ಇಟ್ಟಳು. ಜೇಬಿಲ್ಲದ ಬಟ್ಟೆಗೆ ಪಿನ್ನು ಚುಚ್ಚಿ ಕಳಿಸಿದಳು. ದಾರದ ಅಂಗಡಿಯ ಗೋಡೆಗೆ ಅಂಟಿಸಿದಳು. ಯಾರೂ ಬರಲಿಲ್ಲ. ಬಂದದ್ದು ಜಾಹೀರಾತಿನವರು! ಕೂದಲು ಬೆಳೆಸುವ ಎಣ್ಣೆ, ಹತ್ತೇ ದಿನದಲ್ಲಿ ಹೊಟ್ಟೆ ಕರಗಿಸುವ ಪುಡಿ... ರೋಸಿಹೋಗಿ ಅವಳೊಂದು ತಡೆ ಹಾಕಿದಳು. ಹೊಸಬರ ಬರಹದಲ್ಲಿ ಫೋನ್ ನಂಬರ್ ಇದ್ದರೆ ಅದು ಯಾರಿಗೂ ಕಾಣದೆ ಸೀದಾ ಕಸದ ಬುಟ್ಟಿಗೆ. ಅಬ್ಬಾ, ಕಾಟ ತಪ್ಪಿತು! ಆ ಬುಟ್ಟಿಯ ಕಡೆ ಅವಳು ಮತ್ತೆ ತಿರುಗಿಯೂ ನೋಡಲಿಲ್ಲ.

ಜನ ಬಾರದಿರಲು ಕಾರಣ ಹೊಳೆದದ್ದು ಅತ್ತಿಗೆಗೆ.

"ಅಲ್ಲಿ ಎಲ್ಲರೂ ಚೆಂದದ್ದನ್ನೇ ತೋರಿಸ್ತಾರೆ. ನನ್ನಂಥವರಿಗೆ ಬಾಯಿ ಬಿಡೋಕೇ ಹೆದರಿಕೆ. ಕೆಡಿಸಿದ್ದನ್ನ ತೋರಿಸಿ ಅನ್ನು, ನೋಡು."

ಹಾಗೆ ಹುಟ್ಟಿದ್ದು 'ಶುಕ್ರವಾರದ ಎಡವಟ್ಟು'. ಆ ವಾರ ನಿಮ್ಮ ಕೈಯಲ್ಲಿ ಹಾಳಾದ ಹೊಲಿಗೆಯ ಫೋಟೋ ಹಾಕಿ, ನಗೋಣ, ಸರಿಮಾಡೋಣ. ಮೊದಲ ಶುಕ್ರವಾರ ಅವಳು ಸುಟ್ಟ ಮೇಜಿನ ಫೋಟೋವನ್ನೇ ಹಾಕಿದಳು. ಅತ್ತಿಗೆ 'ಕಾಜಾ ರಾಣಿ' ಎಂಬ ಹೆಸರಿನಲ್ಲಿ, ಎರಡೂ ಕಾಲು ಸೇರಿಸಿ ಹೊಲಿದ ಗಂಡನ ಪ್ಯಾಂಟು ಹಾಕಿದಳು. ಮೂರನೇ ವಾರ ಒಬ್ಬ ಬಸ್ ಕಂಡಕ್ಟರ್ ಬಂದ. ಮಗಳ ಫ್ರಾಕಿಗೆ ಮೂರು ತೋಳು ಇಟ್ಟುಬಿಟ್ಟಿದ್ದನಂತೆ! ಅವನ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಬೆಳಿಗ್ಗೆ ಕಟ್ಟೆ ತೆರೆದರೆ ಈಗ ಮಾತು, ನಗು, ಗಲಾಟೆ.

ಅವಳೂ ನಗುತ್ತಿದ್ದಳು. ನಗುತ್ತಲೇ ಬರಹಗಳ ಕೆಳಗಿನ ಹೆಸರುಗಳನ್ನೆಲ್ಲ ಮೇಲಿನಿಂದ ಕೆಳಗೆ ಒಮ್ಮೆ ನೋಡುತ್ತಿದ್ದಳು.

'ಇವತ್ತೂ ಇಲ್ಲ...'

ಚಹಾ ಆರಿಹೋಗುತ್ತಿತ್ತು. ಮಷಿನ್ನಿಗೆ ಎಣ್ಣೆ ಬಿಡುವಾಗ 'ಎರಡೇ ಹನಿ, ಜಾಸ್ತಿ ಬೇಡ' ಎಂಬ ಅವನ ಮಾತು ನೆನಪಾಗಿ ಕಣ್ಣು ತುಂಬುತ್ತಿತ್ತು. ದನಿ ಹೇಗಿರಬಹುದು ಎಂದು ಕೂಡ ಗೊತ್ತಿಲ್ಲದವನಿಗಾಗಿ ಇಷ್ಟು ಹಂಬಲವೇ? ಹೌದು, ಇಷ್ಟೂ ಹಂಬಲವೇ. ಅವನು ಬೇಕಿತ್ತು. ಬೈಯಲಾದರೂ ಬೇಕಿತ್ತು.

ವರ್ಷದ ಕೊನೆಯ ದಿನ ಬಂತು. ಆ ತಿಂಗಳು ಬರೆದವರು ಎಂಟು ಜನ. ಬೇಕಾದದ್ದು ಹತ್ತು.

ಇಬ್ಬರು! ಇನ್ನಿಬ್ಬರನ್ನು ಹುಟ್ಟಿಸಲು ಅವಳಿಗೆ ಐದು ನಿಮಿಷ ಸಾಕಿತ್ತು. ಹೊಸ ಸದಸ್ಯರ ಪುಟ ತೆರೆದೂಬಿಟ್ಟಳು. ಅತ್ತಿಗೆ ಕತ್ತರಿ ಕೆಳಗಿಟ್ಟು ಅವಳನ್ನೇ ನೋಡುತ್ತಿದ್ದಳು.

"ಇಲ್ಲ ಅತ್ತಿಗೆ," ಎಂದು ಅವಳು ಪುಟ ಮುಚ್ಚಿದಳು. "ಹೋದರೆ ಹೋಗಲಿ. ಅವರು ಬಿಟ್ಟುಹೋಗೋಕೆ ಕಾರಣವಾದ ತಪ್ಪನ್ನೇ ಮತ್ತೆ ಮಾಡಲ್ಲ."

ಆಗಲೇ ಬಾಗಿಲಲ್ಲಿ ಒಂದು ದನಿ ಗುಡುಗಿತು.

"ಏನಮ್ಮಾ, ನಿನ್ನ ಕಟ್ಟೆ ನನ್ನನ್ನ ಒಳಗೇ ಬಿಟ್ಟುಕೊಳ್ತಿಲ್ಲ!"

ರವಿಕೆ ಅಳತೆ ಕೊಡಲು ಬರುತ್ತಿದ್ದ ಹೆಂಗಸು. ಆಸ್ಪತ್ರೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ನರ್ಸ್! ತಾನು ಹುಟ್ಟಿಸಿದ್ದ ಸುಳ್ಳು ನರ್ಸೇ ಎದ್ದು ಬಂದಂತೆ ಅವಳು ಬೆಚ್ಚಿದಳು.

"ದಿಂಬಿನ ಕವರ್ ಹೊಲಿಯೋಕೆ ಹೋಗಿ ದಿಂಬನ್ನೇ ಹೊಲಿದುಬಿಟ್ಟೆ. ಫೋಟೋ ಹಾಕಿ ಮೂರು ದಿನ ಆಯ್ತು, ಕಾಣ್ತಾನೇ ಇಲ್ಲ. ಯಾರಾದರೂ ಫೋನ್ ಮಾಡಿ ಹೇಳಿಕೊಡಲಿ ಅಂತ ನನ್ನ ನಂಬರ್ ಕೂಡ ಹಾಕಿದ್ದೆ."

ನಂಬರ್... ಅಯ್ಯೋ!

ಅವಳು ಕಸದ ಬುಟ್ಟಿ ತೆರೆದಳು. ಕೂದಲಿನ ಎಣ್ಣೆ, ಹೊಟ್ಟೆಯ ಪುಡಿಗಳ ನಡುವೆ ನರ್ಸಮ್ಮನ ದಿಂಬು ಸಿಕ್ಕಿತು. ಅದನ್ನು ಕಟ್ಟೆಗೆ ಕಳಿಸಿದಳು. ಒಂಬತ್ತು.

ಕೆಳಗೆ ಇನ್ನೊಂದು ಹೆಸರು. 'ಹಳೇ ಎಣ್ಣೆಡಬ್ಬಿ'.

ಒಂದಲ್ಲ, ಎರಡಲ್ಲ, ಹನ್ನೊಂದು ಬರಹಗಳು! ಒಂದೊಂದು ಶುಕ್ರವಾರಕ್ಕೆ ಒಂದು. ಮೂರು ತೋಳಿನ ಫ್ರಾಕನ್ನು ಸರಿಮಾಡುವುದು ಹೇಗೆಂದು ಚಿತ್ರ ಬರೆದಿದ್ದ. ಪ್ಯಾಂಟಿನ ಕಾಲು ಬಿಡಿಸುವುದನ್ನು ಹೇಳಿದ್ದ. ಎಲ್ಲದರ ಕೊನೆಯಲ್ಲೂ ಅವನ ಫೋನ್ ನಂಬರ್.

ಮೊದಲನೆಯದರಲ್ಲಿ ಬರೆದಿದ್ದ. "ಬೈಯೋಕೆ ಬಂದೆ. ಸುಟ್ಟ ಮೇಜು ನೋಡಿ ನಗು ಬಂತು, ಸಿಟ್ಟು ಇಳೀತು. ಇನ್ನು ನಮ್ಮ ಮಧ್ಯೆ ಸುಳ್ಳು ಹೆಸರು ಬೇಡ ಅಂತ ನನ್ನ ನಿಜವಾದ ನಂಬರ್ ಕೊಟ್ಟಿದ್ದೀನಿ."

ನಿಜ ಹೇಳಿದ್ದಕ್ಕೇ ಅವನನ್ನು ಅವಳು ಹಾಕಿದ ತಡೆ ಹೊರಗೆ ನಿಲ್ಲಿಸಿತ್ತು!

ಕೊನೆಯದು ಮೊನ್ನೆಯ ಶುಕ್ರವಾರದ್ದು. "ನನ್ನ ಮಾತು ಕಟ್ಟೆಯಲ್ಲಿ ಕಾಣದ ಹಾಗೆ ಮಾಡಿದ್ದೀರಿ. ಮಾತು ಮುಗಿಸದೆ ಎದ್ದುಹೋದವನಿಗೆ ಇದು ಸರಿಯಾದ ಶಿಕ್ಷೆ. ಆದರೂ ಒಂದು ಹೇಳಿಬಿಡ್ತೀನಿ. ಆಗ ಐದು ಜನಕ್ಕೆ ಉತ್ತರ ಬರೀತಿದ್ದೆ, ನಿಜ. ಆದರೆ ಪ್ರತಿ ಸಲ ಬರೆದು ಮುಗಿಸಿದ ಮೇಲೆ ಸೂಜಿಮೊನೆ ಓದಿದರಾ ಅಂತಲೇ ನೋಡ್ತಿದ್ದೆ. ಇವತ್ತಿಗೂ ನೋಡ್ತಿದ್ದೀನಿ."

ಅಕ್ಷರಗಳು ಕಲಸಿಹೋದವು. ಅವಳು ಕಣ್ಣೊರೆಸಿಕೊಂಡು ಹನ್ನೊಂದನ್ನೂ ಕಟ್ಟೆಗೆ ಕಳಿಸಿದಳು. ಹತ್ತು! ಆದರೆ ಅದನ್ನು ಎಣಿಸಿದ್ದು ಅತ್ತಿಗೆ. ಸೂಜಿಮೊನೆ ಆಗಲೇ ಅವನ ನಂಬರ್ ಒತ್ತಿ ಫೋನ್ ಕಿವಿಗಿಟ್ಟಿದ್ದಳು.

"ಹಲೋ... ಯಾರು?"

ಇದಾ ಅವನ ದನಿ?

"ಸೂಜಿ ಉಲ್ಟಾ ಹಾಕಿದವಳು."

ಆ ಕಡೆ ಸ್ಪ್ಯಾನರ್ ಕೆಳಗಿಟ್ಟ ಸದ್ದು. ಆಮೇಲೆ ಮೆಲ್ಲಗೆ, "ಎಲ್ಲಿ ಬರಬೇಕು ಹೇಳಿ."

ಮರುದಿನ ಮಧ್ಯಾಹ್ನ ಅಂಗಡಿಯ ಬಾಗಿಲಲ್ಲಿ ಅವನು ನಿಂತಿದ್ದ. ಬಸ್ಸಿನ ದಣಿವು ಮುಖದ ಮೇಲಿತ್ತು, ಉಗುರಿನ ಸಂದಿಯಲ್ಲಿ ಮಷಿನ್ನಿನ ಕಪ್ಪು. ಅತ್ತಿಗೆ ಅವನನ್ನೊಮ್ಮೆ ಅಡಿಯಿಂದ ಮುಡಿವರೆಗೆ ನೋಡಿ, "ದಾರ ಮುಗಿದಿದೆ, ತಂದುಬಿಡ್ತೀನಿ," ಎಂದು ಎದ್ದುಹೋದಳು. ಬೀರುವಿನ ತುಂಬ ದಾರವಿತ್ತು.

ಅವನು ಹತ್ತಿರ ಬಂದು ಮೇಜಿನ ಮೂಲೆಯ ಸುಟ್ಟ ಗುರುತನ್ನು ಬೆರಳಿನಿಂದ ಸವರಿದ.

"ಇದೇನಾ ಆ ಮೇಜು?"

"ಹೂಂ," ಎಂದಳು ತಲೆ ಎತ್ತದೆ. "ಮಾಡಿದ್ದನ್ನ ಹೊಟ್ಟೆಗೆ ಹಾಕಿಕೊಳ್ಳಿ..."

"ಹೊಸ ಸೊಸೆ, ಹಾಸ್ಟೆಲ್ ಹುಡುಗಿ, ಎಲ್ಲಿದ್ದಾರೆ ಅವರೆಲ್ಲ?"

ಅವಳಿಗೆ ನಗು, ಅಳು ಎರಡೂ ಬಂದವು.

"ಎಲ್ಲರನ್ನೂ ಕಳಿಸಿಬಿಟ್ಟೆ. ಈಗ ನಾನೊಬ್ಬಳೇ ಇರೋದು."

ಅವನು ಅವಳ ಎದುರಿನ ಸ್ಟೂಲನ್ನು ಎಳೆದುಕೊಂಡು ಕೂತ.

"ನಾನು ಬಂದಿರೋದೂ ಆ ಒಬ್ಬರಿಗಾಗೇ."