ಮೇಷ್ಟ್ರ ತೊಟ್ಟಿಗೆ ಬಿಸಿನೀರು

ಗುಬ್ಬಿ ಅಂಗಿಯ ತೋಳು ಮಡಚಿಕೊಂಡು ಮೊಣಕೈಯನ್ನು ಮೀನಿನ ತೊಟ್ಟಿಯೊಳಗೆ ಅದ್ದಿದಳು. ಉಹುಂ, ಇನ್ನೂ ಹದ ಬಂದಿಲ್ಲ. ಕೆಟಲ್ ಎತ್ತಿ ಮತ್ತಷ್ಟು ಬಿಸಿನೀರು ಸುರಿದಳು. ತೊಟ್ಟಿಯ ಮೇಲೆ ತೆಳ್ಳಗೆ ಹಬೆ ಎದ್ದಿತು.

"ಸ್ವಲ್ಪ ತಡ್ಕೊಳ್ಳಿ ಮೇಷ್ಟ್ರೇ, ಇನ್ನೇನು ಆಯ್ತು," ಎಂದಳು.

ಮೇಷ್ಟ್ರು ಅಂದರೆ ಆ ತೊಟ್ಟಿಯ ದೊಡ್ಡ ಏಂಜಲ್ ಮೀನು. ಪರೀಕ್ಷೆಯ ದಿನ ಬೆಂಚುಗಳ ನಡುವೆ ಓಡಾಡುವವರ ಹಾಗೆ ಮೂತಿ ಬಿಗಿದುಕೊಂಡು ಓಡಾಡುತ್ತಿತ್ತು. ಸುತ್ತಲೂ ಒಂದನ್ನೊಂದು ಅಟ್ಟಿಸಿಕೊಂಡು ತಿರುಗುವ ಕಿತ್ತಳೆ ಬಣ್ಣದ ಪುಟ್ಟ ಪ್ಲಾಟಿ ಮೀನುಗಳಿಗೆ ತಂಟೆಕೋರರು ಎಂದು ಹೆಸರು. ಹೆಸರಿಟ್ಟವಳು ಗುಬ್ಬಿಯೇ.

ತೊಟ್ಟಿ ಇದ್ದದ್ದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ, ರೋಗಿಗಳು ಕಾಯುವ ಕೋಣೆಯಲ್ಲಿ. ಗುಬ್ಬಿಯ ಅಮ್ಮ ಅಲ್ಲಿ ನರ್ಸ್. ಶಾಲೆ ಬಿಟ್ಟ ಮೇಲೆ ಗುಬ್ಬಿ ಅಲ್ಲಿಗೇ ಬಂದು ಅಮ್ಮನ ಕೆಲಸ ಮುಗಿಯುವ ತನಕ ಕೂರುತ್ತಿದ್ದಳು. ಕೂರುವುದೆಂದರೆ ಹೆಸರಿಗೆ ಮಾತ್ರ. ಕುರ್ಚಿಯಿಂದ ಕುರ್ಚಿಗೆ ಹಾರುವ ಅವಳನ್ನು ನೋಡೀ ನೋಡೀ ಡಾಕ್ಟರಾಂಟಿ ಒಂದು ದಿನ, "ಇನ್ಮೇಲೆ ಈ ಮೀನುಗಳು ನಿನ್ನ ಜವಾಬ್ದಾರಿ," ಎಂದುಬಿಟ್ಟರು. ಅವತ್ತಿನಿಂದ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಆದರೆ ಇವತ್ತು ಹೊರಕೋಣೆಯ ವೈರು ಸುಟ್ಟುಹೋಗಿತ್ತು. ತೊಟ್ಟಿಯ ನೀರನ್ನು ಬೆಚ್ಚಗಿಡುವ ಹೀಟರ್ ಆರಿತ್ತು. ಗುಳ್ಳೆ ಬಿಡುವ ಮೋಟಾರೂ ನಿಂತಿತ್ತು. ಹೊರಗೆ ಮೂಗು ಕೆಂಪಾಗುವಷ್ಟು ಚಳಿ. ಡಾಕ್ಟರಾಂಟಿ ತೊಟ್ಟಿಗೆ ದಪ್ಪ ಟವೆಲ್ ಹೊದಿಸಿ, "ಎಲೆಕ್ಟ್ರಿಷಿಯನ್ ಬರೋ ತನಕ ಇದನ್ನ ತೆಗೀಬೇಡ," ಎಂದು ಹೇಳಿ ಒಳಗೆ ಹೋಗಿದ್ದರು.

ಗುಬ್ಬಿ ಒಂದು ಮೂಲೆ ಮಾತ್ರ ಎತ್ತಿ ಇಣುಕಿದಳು. ಮೀನುಗಳು ತಳದಲ್ಲಿ ಮುದುರಿಕೊಂಡು ನಿಂತಿದ್ದವು. ಮೇಷ್ಟ್ರು ಕೂಡ ಅಲುಗಾಡುತ್ತಿರಲಿಲ್ಲ. ಪಾಪ, ಎಷ್ಟು ಚಳಿಯಾಗುತ್ತಿದೆಯೋ.

ಮನೆಯಲ್ಲಿ ಪಾಪುವಿನ ಸ್ನಾನಕ್ಕೆ ನೀರು ಬೆರೆಸುವುದು ಗುಬ್ಬಿಯ ಕೆಲಸ. ಮೊಣಕೈ ಅದ್ದಿ ನೋಡಿ, ಹದವಾಗಿದೆ ಎಂದರೆ ಮುಗಿಯಿತು. "ನಮ್ಮ ಹುಡುಗಿಯ ಹದ ಯಾವತ್ತೂ ತಪ್ಪಲ್ಲ," ಎಂದು ಅಜ್ಜಿ ಎದುರುಮನೆಯವರಿಗೂ ಹೇಳಿ ಬಂದಿದ್ದಳು. ಪಾಪುವಿಗೆ ಹಿಡಿಸುವ ಹದ ಮೀನಿಗೆ ಹಿಡಿಸದೇ ಇರುತ್ತದೆಯೇ?

ಹಾಗಾಗಿ ಟವೆಲ್ ಸರಿಸಿ, ತೊಟ್ಟಿಯಿಂದ ಅರ್ಧ ನೀರನ್ನು ಮಗ್‌ನಲ್ಲಿ ತೋಡಿ ಬಕೆಟ್ಟಿಗೆ ಹಾಕಿದಳು. ಚಹಾದ ಕೋಣೆಯಲ್ಲಿ ಕರೆಂಟ್ ಇತ್ತು. ಅಲ್ಲಿ ಕೆಟಲ್ ತುಂಬ ತುಂಬ ನೀರು ಕಾಯಿಸಿ ತಂದಳು, ತಂದು ಸುರಿದಳು, ಮತ್ತೆ ಓಡಿದಳು.

ಈಗ ನಾಲ್ಕನೆಯ ಸಲ ಮೊಣಕೈ ಅದ್ದಬೇಕು ಎನ್ನುವಾಗ ಅವಳ ಕೈ ಅಲ್ಲೇ ನಿಂತಿತು.

ತಂಟೆಕೋರರೆಲ್ಲ ಮೇಲೆ ಬಂದಿದ್ದರು. ನೀರಿನಿಂದ ಬಾಯಿ ಹೊರಗಿಟ್ಟು ಪಟಪಟ ತೆರೆದು ಮುಚ್ಚುತ್ತಿದ್ದರು. ಮೇಷ್ಟ್ರು ಒಂದು ಕಡೆಗೆ ವಾಲಿಕೊಂಡು, ಗಾಜಿಗೆ ಡಿಕ್ಕಿ ಹೊಡೆದು, ಮತ್ತೆ ವಾಲಿದರು.

ಬಿಸಿ ಜಾಸ್ತಿಯಾಯಿತು. ಆದರೆ ಹೇಗೆ? ಹದವೇ ಬಂದಿಲ್ಲವಲ್ಲ.

ಯೋಚಿಸಲು ಪುರುಸೊತ್ತಿರಲಿಲ್ಲ. ಬೇಗ ತಣ್ಣಗೆ ಮಾಡಬೇಕು. ತಣ್ಣಗೆ ಅಂದರೆ ಐಸ್. ಐಸ್ ಪಕ್ಕದಲ್ಲೇ ಇತ್ತು. ಆಗಷ್ಟೇ ದವಡೆ ಹಲ್ಲು ಕೀಳಿಸಿಕೊಂಡ ತಾತ ಒಬ್ಬರು ಮೂಲೆಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಬಾಯಲ್ಲಿ ಹತ್ತಿ ಕಚ್ಚಿಕೊಂಡು, ಊದಿದ ಕೆನ್ನೆಗೆ ಐಸ್ ಪ್ಯಾಕ್ ಒತ್ತಿಕೊಂಡಿದ್ದರು. ಹತ್ತಿ ತೆಗೆಯುವ ತನಕ ಬಾಯಿ ಬಿಡಬಾರದು ಎಂದು ಡಾಕ್ಟರಾಂಟಿಯ ಕಟ್ಟಪ್ಪಣೆ.

"ತಾತ, ತಾತ, ಆ ಐಸ್ ಕೊಡ್ತೀರಾ? ಆಮೇಲೆ ವಾಪಸ್ ಕೊಡ್ತೀನಿ."

ತಾತ ಕಣ್ಣು ಬಿಟ್ಟರು. ಗುಬ್ಬಿಯನ್ನು ನೋಡಿದರು, ಹಬೆಯಾಡುವ ತೊಟ್ಟಿಯನ್ನು ನೋಡಿದರು. "ಊಂ ಊಂ," ಎಂದು ಜೋರಾಗಿ ಅಡ್ಡಡ್ಡ ತಲೆಯಾಡಿಸಿ ಪ್ಯಾಕನ್ನು ಬೆನ್ನ ಹಿಂದೆ ಇಟ್ಟುಕೊಂಡರು.

ಎಂಥಾ ಜಿಪುಣ ತಾತ, ಎಂದುಕೊಂಡಳು ಗುಬ್ಬಿ. ಚಹಾದ ಕೋಣೆಗೆ ಓಡಿ ಫ್ರಿಜ್ಜಿನಿಂದ ಐಸ್ ಟ್ರೇಯನ್ನೇ ಎಳೆದುಕೊಂಡು ಬಂದಳು. ಬಂದು ನೋಡಿದರೆ ತಾತ ಎದ್ದು ತೊಟ್ಟಿಗೆ ಅಡ್ಡ ನಿಂತಿದ್ದಾರೆ, ಎರಡೂ ಕೈ ಚಾಚಿಕೊಂಡು, ಗೇಟಿನ ಹಾಗೆ.

"ಬಿಡಿ ತಾತ. ಸತ್ತೋಗ್ತವೆ."

"ಊಂ ಊಂ."

"ನಿಮಗೆ ಗೊತ್ತಾಗ್ತಿಲ್ಲ, ಬಿಡಿ." ಗುಬ್ಬಿಗೆ ಅಳು ಬಂದೇಬಿಟ್ಟಿತು. ಈ ಕಡೆಯಿಂದ ನುಗ್ಗಿದರೆ ತಾತ ಈ ಕಡೆ, ಆ ಕಡೆಯಿಂದ ನುಗ್ಗಿದರೆ ಆ ಕಡೆ. ಒಂದು ಗಳಿಗೆ ತಾತ ಏನೋ ಯೋಚಿಸಿದರು. ಆಮೇಲೆ ಐಸ್ ಪ್ಯಾಕನ್ನು ತಂದು ಅವಳ ಕತ್ತಿನ ಹಿಂದೆ, ಕಾಲರಿನ ಒಳಗೆ ಪಟ್ಟೆಂದು ಒತ್ತಿದರು.

ಗುಬ್ಬಿ ಕಿಟಾರನೆ ಕಿರುಚಿ ಹಾರಿದಳು. ಟ್ರೇ ಕೈಜಾರಿ ಐಸೆಲ್ಲ ನೆಲದ ತುಂಬ ಚೆಲ್ಲಾಡಿತು. ಉಸಿರು ಅರ್ಧಕ್ಕೇ ಸಿಕ್ಕಿಕೊಂಡಿತು. ಓಡಿ ಓಡಿ ಬೆವೆತಿದ್ದ ಮೈಗೆ ಅದು ತಣ್ಣಗೆ ಅನ್ನಿಸಲೇ ಇಲ್ಲ, ಬಡಿದ ಹಾಗಿತ್ತು.

ತಾತ ಅವಳನ್ನು ತೋರಿಸಿದರು. ಆಮೇಲೆ ಮೀನುಗಳನ್ನು ತೋರಿಸಿದರು.

ಗುಬ್ಬಿ ನೆಲದ ಮೇಲಿನ ಐಸನ್ನು ನೋಡಿದಳು. ಇಷ್ಟೂ ಒಟ್ಟಿಗೆ ಅವುಗಳ ಮೇಲೆ ಬಿದ್ದಿದ್ದರೆ?

"ಮತ್ತೆ ಏನು ಮಾಡ್ಲಿ ತಾತ?"

ತಾತ ಬಕೆಟ್ಟಿನ ಕಡೆ ಕೈ ತೋರಿಸಿದರು. ಅದರಲ್ಲಿದ್ದದ್ದು ತೊಟ್ಟಿಯದೇ ತಣ್ಣನೆ ನೀರು. ಮಗ್‌ನ ತಳದಲ್ಲಿ ಒಂದಿಷ್ಟು ತುಂಬಿಸಿ ಅವಳ ಕೈಗೆ ಕೊಟ್ಟರು. ಗುಬ್ಬಿ ಸುರಿದಳು. ತಕ್ಷಣ ಇನ್ನೊಂದು ಮಗ್ ತುಂಬಲು ಹೋದಾಗ ಅವಳ ಮಣಿಕಟ್ಟು ಹಿಡಿದು ನಿಲ್ಲಿಸಿದರು. ಸ್ವಲ್ಪ ಕಾಯಬೇಕು ಎನ್ನುವ ಹಾಗೆ ಅಂಗೈ ತೋರಿಸಿದರು.

ಕಾಯುವುದು ಎಷ್ಟು ಕಷ್ಟ ಎಂದು ಗುಬ್ಬಿಗೆ ಆವತ್ತೇ ಗೊತ್ತಾದದ್ದು. ಕಣ್ಣೆದುರು ಮೇಷ್ಟ್ರು ವಾಲಾಡುತ್ತಿದ್ದಾರೆ, ಇವಳು ಮಗ್ ಹಿಡಿದು ಸುಮ್ಮನೆ ನಿಲ್ಲಬೇಕು. ನಡುವೆ ತಾತ ತೊಟ್ಟಿಯದೇ ನೀರನ್ನು ಎತ್ತರಕ್ಕೆತ್ತಿ ಜುಳುಜುಳು ಬಿಟ್ಟರು. ಗುಳ್ಳೆಗಳೆದ್ದವು. ತಂಟೆಕೋರರು ಗುಳ್ಳೆಯ ಹತ್ತಿರ ಗುಂಪಾದರು.

ಗಾಜಿನ ಮೂಲೆಯಲ್ಲಿ ಅಂಕಿಗಳಿದ್ದ ಬಣ್ಣದ ಪಟ್ಟಿಯೊಂದು ಅಂಟಿಕೊಂಡಿತ್ತು. ಚಂದಕ್ಕೆ ಅಂಟಿಸಿದ್ದು ಎಂದು ಗುಬ್ಬಿ ಇಷ್ಟು ದಿನ ಅದರ ಕಡೆ ತಿರುಗಿಯೂ ನೋಡಿರಲಿಲ್ಲ. ತಾತ ಅದನ್ನು ಬೆರಳಿನಿಂದ ತಟ್ಟಿದರು. ನೀರಿನ ಬಿಸಿ ಎಷ್ಟಿದೆಯೋ ಆ ಅಂಕಿ ಹಸಿರಾಗಿ ಹೊಳೆಯುತ್ತಿತ್ತು. ಒಂದು ಅಂಕಿಯ ಪಕ್ಕ ಡಾಕ್ಟರಾಂಟಿ ಪೆನ್ನಿನಲ್ಲಿ ಗೆರೆ ಎಳೆದಿದ್ದರು. ಹಸಿರು ಆ ಗೆರೆಯನ್ನು ದಾಟಿ ಎಲ್ಲೋ ಮೇಲೆ ಕೂತಿತ್ತು.

ಒಂದಿಷ್ಟು ನೀರು. ಕಾಯುವುದು. ಮತ್ತೊಂದಿಷ್ಟು.

ಒಳಬಾಗಿಲು ತೆರೆಯಿತು. ಅಮ್ಮ ಗ್ಲೌಸ್ ಕಳಚುತ್ತಾ ಬಂದವಳು ನೆಲದ ಮೇಲಿನ ಐಸ್, ನೀರು, ಕೆಟಲ್ ನೋಡಿ ನಿಂತಲ್ಲೇ ನಿಂತಳು.

"ಏನೇ ಇದು?"

ಕರೆಂಟಿಲ್ಲದೆ ಹೀಗಾಯಿತು ಎಂಬ ಮಾತು ಗುಬ್ಬಿಯ ನಾಲಿಗೆಯ ತುದಿಗೆ ಬಂದಿತ್ತು. ತಾತನಂತೂ ಬಾಯಿ ಬಿಡುವ ಹಾಗಿರಲಿಲ್ಲ. ಅಷ್ಟರಲ್ಲಿ ಡಾಕ್ಟರಾಂಟಿಯೂ ಅಮ್ಮನ ಹಿಂದೆ ಬಂದು ನಿಂತರು.

"ನಾನೇ ಬಿಸಿನೀರು ಹಾಕಿದೆ," ಎಂದಳು ಗುಬ್ಬಿ. "ಅವಕ್ಕೆ ಚಳಿ ಆಗ್ತಿತ್ತು."

ಡಾಕ್ಟರಾಂಟಿ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಪಟ್ಟಿ ನೋಡಿದರು. ಆಮೇಲೆ ಗುಬ್ಬಿಯ ಕಡೆ ತಿರುಗಿದರು.

"ಎಷ್ಟು ಬಿಸಿ ಬೇಕು ಅಂತ ಹೇಗೆ ಗೊತ್ತಾಯ್ತು ನಿಂಗೆ?"

ಗುಬ್ಬಿ ಮೊಣಕೈ ತೋರಿಸಿದಳು. ಅಮ್ಮ ಹಣೆಗೆ ಕೈ ಇಟ್ಟುಕೊಂಡಳು.

"ತಣ್ಣಗಾದ್ರೆ ಅವು ಸ್ವಲ್ಪ ಹೊತ್ತು ಮುದುರಿಕೊಂಡು ತಡ್ಕೊಳ್ತವೆ," ಎಂದರು ಡಾಕ್ಟರಾಂಟಿ ನಿಧಾನವಾಗಿ. "ಒಂದೇ ಸಲಕ್ಕೆ ಬದಲಾದ್ರೆ ಆಗಲ್ಲ ಅವಕ್ಕೆ."

ಗಿಡದ ಹಿಂದೆ ಒಬ್ಬ ತಂಟೆಕೋರ ಮಗ್ಗುಲಾಗಿ ಮಲಗಿದ್ದ. ಎಲ್ಲರಿಗಿಂತ ಚಿಕ್ಕವನು. ಗುಬ್ಬಿ ಅವನನ್ನು ಆಗಲೇ ನೋಡಿದ್ದಳು, ಎದ್ದುಬಿಡಲಿ ಎಂದು ಆ ಕಡೆ ನೋಡುವುದನ್ನು ಬಿಟ್ಟಿದ್ದಳು. ಡಾಕ್ಟರಾಂಟಿ ಬಲೆಯಲ್ಲಿ ಮೆಲ್ಲಗೆ ಅವನನ್ನು ಎತ್ತಿಕೊಂಡರು. ಬಲೆಯಲ್ಲೂ ಅವನು ಅಲುಗಾಡಲಿಲ್ಲ. ಇನ್ನು ಮಗ್ ಕೆಳಗಿಡು ಎನ್ನುತ್ತಾರೆ ಎಂದು ಗುಬ್ಬಿ ಕಾದಳು.

"ನಿಂತಿದೀಯಲ್ಲ," ಎಂದರು ಡಾಕ್ಟರಾಂಟಿ. "ಇನ್ನೂ ಕೆಲಸ ಮುಗಿದಿಲ್ಲ. ಹಾಕು."

ಗುಬ್ಬಿ ಹಾಕಿದಳು. ಕಾದಳು. ಮತ್ತೆ ಹಾಕಿದಳು. ಎಲೆಕ್ಟ್ರಿಷಿಯನ್ ಬಂದು ವೈರು ಬದಲಾಯಿಸಿ ಹೋದರು. ಮೋಟಾರು ಗುರ್ ಎಂದು ಗುಳ್ಳೆ ಬಿಟ್ಟಿತು. ಹಸಿರು ಒಂದೊಂದೇ ಅಂಕಿ ಕೆಳಗಿಳಿದು ಕೊನೆಗೆ ಪೆನ್ನಿನ ಗೆರೆಯ ಪಕ್ಕ ಬಂದು ಕೂತಿತು.

ಕೊನೆಯ ಮಗ್ ಸುರಿಯುವಾಗ ಅವಳ ಬೆರಳು ನೀರಿಗೆ ತಾಗಿತು. ತಣ್ಣಗಿತ್ತು. ಪಾಪುವಿನ ಮೇಲೆ ಹಾಕಿದ್ದರೆ ಮನೆ ಹಾರಿಹೋಗುವ ಹಾಗೆ ಅಳುತ್ತಿದ್ದ. ಒಳಗೆ ಮೇಷ್ಟ್ರು ನೆಟ್ಟಗಾಗಿ, ಮೂತಿ ಬಿಗಿದುಕೊಂಡು, ತೊಟ್ಟಿಯ ಈ ಕೊನೆಯಿಂದ ಆ ಕೊನೆಗೆ ಹೊರಟಿದ್ದರು.

"ನಡುಗ್ತಿದೀಯ," ಎಂದು ಅಮ್ಮ ಸ್ವೆಟರ್ ಚಾಚಿದಳು. "ಚಳಿ ಆಗ್ತಿದೆಯೇನೇ?"

ಗುಬ್ಬಿ ತೊಟ್ಟಿಯನ್ನು ನೋಡಿದಳು. ಪಟ್ಟಿಯನ್ನು ನೋಡಿದಳು. ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು.

"ಹೂಂ, ನಂಗೆ ಆಗ್ತಿದೆ," ಎಂದಳು.