ರಾಮದುರ್ಗದ ಹೊಸ ಮಷೀನು

ಎಪ್ಪತ್ತೆರಡನೆಯ ಇಸವಿಯ ಹತ್ತಿಯ ಹಂಗಾಮು. ಶಿವರಾತ್ರಿ ಕಳೆದು ಬಿಸಿಲು ಏರುತ್ತಿತ್ತು. ಬೈಲಹೊಂಗಲದ ಜಿನ್ನಿಂಗ್ ಫ್ಯಾಕ್ಟರಿಯ ಗೇಟಿನಿಂದ ರಸ್ತೆಯ ತಿರುವಿನವರೆಗೆ ಹತ್ತಿಯ ಚಕ್ಕಡಿಗಳು ಸಾಲು ಹಿಡಿದು ನಿಂತಿದ್ದವು. ನೊಗ ಬಿಚ್ಚಿದ ಎತ್ತುಗಳು ನೆರಳು ಹುಡುಕಿ ಮೆಲುಕು ಹಾಕುತ್ತಿದ್ದವು. ಅಂಗಳದಲ್ಲಿ ಹೆಂಗಸರು ಹತ್ತಿಯೊಳಗಿನ ಎಲೆ-ಕಸ ಆರಿಸುತ್ತ ಒಬ್ಬರನ್ನೊಬ್ಬರು ಕಾಡಿಸುತ್ತಿದ್ದರು. ಒಳಗೆ ಹತ್ತಿ ಬಿಡಿಸುವ ಜಿನ್ನುಗಳು ಒಂದೇ ಸಮ ಬೀಜ ಉಗುಳುತ್ತಿದ್ದವು. ಕನ್ನಡಕದ ಮೇಲೆ ಕೂತ ಅರಳೆಯನ್ನು ಒರೆಸಿಕೊಂಡು ಅಕೌಂಟಂಟ್ ಉಳವಪ್ಪ ಸಾವಕಾರರ ಖೋಲಿಗೆ ಹೋದ. ಅವನ ಕೈಯಲ್ಲಿ ಒಂದು ದೊಡ್ಡ ಹಾಳೆ ಇತ್ತು.

ಆ ಹಾಳೆಗಾಗಿ ಅವನು ತಿಂಗಳುಗಟ್ಟಲೆ ದುಡಿದಿದ್ದ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಹೀಗೆ ನಾಲ್ಕು ಊರಲ್ಲಿ ಫ್ಯಾಕ್ಟರಿ ಇದ್ದ ಕಂಪನಿ ಅದು. ತಾನು ನೌಕರಿಗೆ ಸೇರಿದಂದಿನಿಂದ ಬಂದ ಎಲ್ಲ ಅಢಾವೆ ಪತ್ರಿಕೆಗಳನ್ನು ಅವನು ಪಕ್ಕಪಕ್ಕ ಇಟ್ಟು, ಕಂಪನಿಯ ಆಸ್ತಿ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಯಿತೆಂದು ಬಿಡಿಸಿ ಬರೆದಿದ್ದ. ಜಾಗೆಯ ಬೆಲೆ ಇದ್ದಲ್ಲೇ ಇತ್ತು. ಯಂತ್ರಗಳ ಬೆಲೆ ಸವಕಳಿ ತಿಂದು ತಿಂದು ಪ್ರತಿವರ್ಷ ಇಳಿದಿತ್ತು. ಅವನು ಸೇರಿದ ಮೇಲೆ ಕಂಪನಿಗೆ ಒಂದಾದರೂ ಹೊಸ ಮಷೀನು ಬಂದಿರಲಿಲ್ಲ. ಏರಿದ್ದು ವ್ಯಾಪಾರಿಗಳಿಂದ ಬರಬೇಕಾದ ಬಾಕಿ ಮಾತ್ರ. ಹೊರಗಿನವರ ಕಣ್ಣಿಗೆ ಕಂಪನಿ ಮೈ ತುಂಬಿದಂತೆ ಕಾಣುತ್ತಿತ್ತು. ಅದು ಮೈ ಅಲ್ಲ, ಬಾವು ಎಂಬುದು ಉಳವಪ್ಪನಿಗೆ ಗೊತ್ತಿತ್ತು.

“ಏನೋ ಇದು? ಜಾತಕಾ ಬರದಂಗ ಐತಿ,” ಎಂದರು ಮಡಿವಾಳೆಪ್ಪ ಸಾವಕಾರರು.

“ಕಂಪನಿದ ಜಾತಕಾನ ರೀ ಸಾವಕಾರ್ರ. ಒಂದೀಟ ಓದ್ರಿ.”

“ಇಡು, ಇಡು. ಹೊಟ್ಟಿ ತಣ್ಣಗಾಗ್ಲಿ ಮೊದಲ.”

ಹಾಳೆಯ ಮೇಲೆ ಬಿಸಿ ಮಿರ್ಚಿಭಜಿಯ ಪೊಟ್ಟಣ ಬಿಚ್ಚಿಕೊಂಡಿತು. ಸಾವಕಾರರ ಅಳಿಯ ಸೋಮಪ್ಪ ಒಂದು ಭಜಿ ಎತ್ತಿ ಬಾಯಿಗೆ ಹಾಕಿಕೊಂಡು, ಯಂತ್ರಗಳ ಕಾಲಮ್ಮಿಗೆ ಬೆರಳು ಒರೆಸಿ, “ಆಸ್ತಿ ಇಳದ್ರ ಇಳೀಲಿ ಬಿಡ್ರಿ ಉಳವಪ್ಪನವರ, ನೀವ್ಯಾಕ ಸೊರಗತೀರಿ?” ಎಂದು ನಕ್ಕ. ಅದೇ ವಾರ ಸೋಮಪ್ಪ ಮ್ಯಾನೇಜರ್ ಕುರ್ಚಿಯಲ್ಲಿ ಕೂತ. ಹಿಂದೊಮ್ಮೆ ತೆರಿಗೆಯವರ ಕೈಯಿಂದ ಕಂಪನಿಯನ್ನು ಉಳವಪ್ಪ ಪಾರುಮಾಡಿದ್ದಾಗ, “ನಿನ್ನ ಋಣಾ ನಮ್ಮ ಮ್ಯಾಲ ಐತಿ, ಮುಂದಿನ ಮ್ಯಾನೇಜರ್ ನೀನ” ಎಂದು ಸಾವಕಾರರು ಕೈಮೇಲೆ ಕೈ ಇಟ್ಟು ಹೇಳಿದ್ದು ಈ ಕುರ್ಚಿಯ ಬಗ್ಗೆಯೇ.

ಉಳವಪ್ಪ ಜಗಳ ಆಡಲಿಲ್ಲ. ಎಣ್ಣೆ ಕುಡಿದ ಹಾಳೆಯನ್ನು ಮನೆಗೆ ಒಯ್ದು ಮತ್ತೆ ಮತ್ತೆ ನೋಡಿದ. ಬರೆದದ್ದನ್ನು ಇವರು ಓದುವುದಿಲ್ಲ ಅಂದಮೇಲೆ ಏನು ಬರೆದರೇನು? ಹೊಟ್ಟೆಯೊಳಗಿನ ಸಿಟ್ಟು ಮೆಲ್ಲಗೆ ತಣ್ಣಗಾಗಿ ಲೆಕ್ಕವಾಯಿತು.

ಅವನು ಅವಸರ ಮಾಡಲಿಲ್ಲ. ಆಸ್ತಿ ಒಮ್ಮೆಲೇ ಕುಣಿದರೆ ಲೆಕ್ಕ ತಪಾಸಣೆಯವರು ತಲೆ ಎತ್ತುತ್ತಾರೆ. ಒಂದು ಕಾಲು ತೆಗೆದು ಇನ್ನೊಂದು ಊರಿದರೆ ನಡಿಗೆ ಅಂದುಕೊಳ್ಳುತ್ತಾರೆ. ಮೊದಲ ವರ್ಷ, ಸವದತ್ತಿಯ ಹಿಂದಿನ ಶೆಡ್ಡಿನಲ್ಲಿ ಬಿದ್ದಿದ್ದ ಹಳೆಯ ಜಿನ್ನೊಂದನ್ನು ಗುಜರಿಗೆ ಮಾರಿದಂತೆ ಬರೆದ. ಗುಜರಿಯ ಬೆಲೆಯನ್ನು ತನ್ನ ಕಿಸೆಯಿಂದಲೇ ಕಂಪನಿಗೆ ಕಟ್ಟಿದ. ಜಿನ್ನು ಮಾತ್ರ ಹುಬ್ಬಳ್ಳಿಯ ಬಾಡಿಗೆ ಶೆಡ್ಡೊಂದಕ್ಕೆ ಹೋಯಿತು. ಅಲ್ಲಿ ಅವನು ಭಾನುವಾರಗಳಂದು ಕೂತು ತುಕ್ಕು ಕೆರೆದ, ರೋಲರ್ ಬದಲಿಸಿದ, ಮುಂಬಯಿ ಹೆಸರಿನ ಹಿತ್ತಾಳೆ ಬಿಲ್ಲೆ ಬಡಿದ. ಕೈಗೆ ಹಸಿರು ಬಣ್ಣ ಮೆತ್ತಿಕೊಂಡು ಮನೆಗೆ ಹೋದರೆ ಹೆಂಡತಿ ಶೆಟ್ಟೆವ್ವ, “ಬಾಗಲಕ್ಕ ಬಣ್ಣಾ ಹಚ್ರಿ ಅಂದ್ರ ಆಗೂದಿಲ್ಲ, ಯಾರ ಮನಿ ಸಿಂಗಾರ ಮಾಡಾಕ ಹೊಂಟೀರಿ?” ಎಂದು ಚುಚ್ಚುತ್ತಿದ್ದಳು. ಜಿನ್ನಿನ ಹಿಂಗಾಲಿನ ಬೋಲ್ಟಿಗೆ ಕಚ್ಚಿಕೊಂಡಿದ್ದ ಒಂದು ಸಣ್ಣ ವಾಷರು ಎಷ್ಟು ತಿರುವಿದರೂ ಬರಲಿಲ್ಲ. ಅದರ ಮೇಲೆ ಇನ್ನೊಂದು ಕೈ ಬಣ್ಣ ಜಾಸ್ತಿ ಬಳಿದ.

ಎರಡನೆಯ ವರ್ಷ, ಹುಲ್ಲು ಸುತ್ತಿದ ಜಿನ್ನು ಮುಂಬಯಿಯಿಂದ ಬಂದ ಹೊಸ ಮಷೀನಾಗಿ ರಾಮದುರ್ಗದಲ್ಲಿ ಇಳಿಯಿತು. ಬಿಲ್ಲಿನ ಹಣ ಉಳವಪ್ಪನೇ ಕಾಗದದ ಮೇಲೆ ಹುಟ್ಟಿಸಿದ ಮುಂಬಯಿ ಕಂಪನಿಯ ಖಾತೆಗೆ ಹೋಯಿತು. ಸೋಮಪ್ಪ ಮಷೀನಿನ ಸುತ್ತ ಒಂದು ಸುತ್ತು ಹಾಕಿ, ಬಿಲ್ಲೆಯ ಮೇಲೆ ಬೆರಳಾಡಿಸಿ, “ಹೊಸಾದ್ದರ ಕಳೇನ ಬ್ಯಾರೆ ನೋಡ್ರಿ” ಎಂದು ಸಹಿ ಹಾಕಿದ. ತಪಾಸಣೆಯವರು ಬೈಲಹೊಂಗಲದಲ್ಲೇ ಉಂಡು ಎದ್ದರು. ಅವರು ಕೇಳಬಹುದಾದ ಪ್ರತಿಯೊಂದು ಪ್ರಶ್ನೆಗೂ ಉಳವಪ್ಪ ಉತ್ತರ ಹೊಂದಿಸಿಟ್ಟಿದ್ದ. ಒಂದನ್ನೂ ಯಾರೂ ಕೇಳಲಿಲ್ಲ. ಅದಕ್ಕೂ ಅವನಿಗೆ ಬೇಸರವೇ ಆಯಿತು. ಇಷ್ಟು ಚೊಕ್ಕ ಕೆಲಸವನ್ನೂ ನೋಡುವವರಿಲ್ಲ!

ಹೊಸ ಹಂಗಾಮಿನ ಹತ್ತಿ ಬರುವ ಮೊದಲು ಒಂದು ಮುಂಜಾನೆ ಕಂಪನಿಯ ಜೀಪು ಅವನ ಮನೆಯ ಮುಂದೆ ನಿಂತಿತು. ಒಳಗೆ ಸಾವಕಾರರ ತಾಯಿ ಇಂದ್ರವ್ವ ಕೂತಿದ್ದಳು. ತೊಡೆಯ ಮೇಲೆ ಹಸಿರು ಖಣ, ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು ತುಂಬಿದ ಬುಟ್ಟಿ.

“ಹತ್ತು. ರಾಮದುರ್ಗಕ್ಕ ಹೋಗೂನು. ಈ ಸಲ ನಮ್ಮ ಮಷೀನಿನ ಆಸ್ತಿ ಏರೇತಂತ ಮಗಾ ಓದಿ ಹೇಳ್ಯಾನ. ಎಷ್ಟು ವರ್ಷಾ ಆಗಿತ್ತೋ ಈ ಮಾತ ಕೇಳಿ!”

ಅನುಮಾನಕ್ಕೆ ಉಳವಪ್ಪ ತಯಾರಿದ್ದ, ಈ ಸಂತೋಷಕ್ಕೆ ಅಲ್ಲ. ಆದರೂ ಅಂಜಲಿಲ್ಲ. ನೋಡಲು ಮಷೀನು ಇತ್ತಲ್ಲ. “ಈ ಬಿಸಲಾಗ ನೀವ್ಯಾಕ ರೀ ಅವ್ವಾರ? ಮಷೀನಾ ಎಲ್ಲಿ ಓಡಿ ಹೋಗತೈತಿ?”

“ಹೊಸಾ ಮಷೀನಂದ್ರ ಮನಿಗೆ ಬಂದ ಸೊಸಿ ಇದ್ದಂಗ. ಉಡಿ ತುಂಬಲಾರದ ದುಡಿಯಾಕ ಹಚ್ಚಿದ್ರ ನಮ್ಮತ್ತಿ ಮ್ಯಾಲಿಂದ ಇಳದು ಬಂದು ಬಡೀತಾಳ.”

“ಬಡದ್ರ ಮೊದಲ ಸೋಮಪ್ಪ ಸಾಹೇಬ್ರಿಗೆ ಬಡೀಲಿ ರೀ ಅವ್ವಾ,” ಎಂದ ಡ್ರೈವರ್ ಹಜರತಸಾಬ, “ಸಹಿ ಹಾಕಿದಾವರು ಅವರ!” ಎಲ್ಲರೂ ನಕ್ಕರು. ಉಳವಪ್ಪನೂ ನಕ್ಕ.

ಸವದತ್ತಿ ದಾಟಿದ ಮೇಲೆ ಮುದುಕಿ ದನಿ ತಗ್ಗಿಸಿದಳು. “ನೀ ಬರದ ಆ ಎಣ್ಣಿ ಹಾಳೀದು ನನಗ ಗೊತ್ತಾಗೇತಿ. ನಿನಗ ಅನ್ಯಾಯ ಆಗೇತಿ ಉಳವಪ್ಪಾ. ಮಗನ ಕಡಿಂದ ಮಾತ ತಗೊಂಡೇನಿ. ಉಡಿ ತುಂಬಿದ ಕೂಡ್ಲೆ ರಾಮದುರ್ಗದ ಮ್ಯಾನೇಜರ್ ನೀನ. ನಮ್ಮ ಋಣಾ ಇವತ್ತ ತೀರತೈತಿ.”

ಎರಡು ವರ್ಷ ಮೊದಲು ಈ ಮಾತು ಬಂದಿದ್ದರೆ! ಉಳವಪ್ಪ ಹೊರಗಿನ ಬಯಲನ್ನು ನೋಡಿದ. ಆಮೇಲೆ, ಇರಲಿ, ಹಣವೂ ಇರಲಿ, ಕುರ್ಚಿಯೂ ಇರಲಿ ಎಂದುಕೊಂಡ.

ರಾಮದುರ್ಗದಲ್ಲಿ ಹಸಿರು ಜಿನ್ನು ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು. ಇಂದ್ರವ್ವ ಅರಿಸಿನ-ಕುಂಕುಮ ಹಚ್ಚಿ, ಖಣ ಹಾಸಿ ಉಡಿ ತುಂಬಿದಳು. ಆಮೇಲೆ ಸೊಂಟದ ಸಂಚಿ ಬಿಚ್ಚಿ ಬೆಳ್ಳಿಯ ಕಾಲುಂಗುರವೊಂದನ್ನು ತೆಗೆದಳು. “ನಮ್ಮ ಕಂಪನಿಗೆ ಬಂದ ಒಂದೊಂದ ಮಷೀನಿಗೂ ನನ್ನ ಕೈಯಿಂದನ ಇಂಥಾದೊಂದ ಹಾಕೇನಿ. ನೀ ಬಂದಮ್ಯಾಲ ಹೊಸಾದು ಬಂದಿಲ್ಲ, ನಿನಗೆಲ್ಲಿ ಗೊತ್ತಿರಬೇಕು,” ಎನ್ನುತ್ತ ಹಿಂಗಾಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತಳು. ಬೋಲ್ಟಿನ ಮೇಲೆ ಆಕೆಯ ಬೆರಳು ನಿಂತಿತು. ಉಗುರಿನಿಂದ ಕೆರೆದಳು. ಹಸಿರು ಬಣ್ಣ ಸಿಪ್ಪೆಯಾಗಿ ಎದ್ದು, ಅವನು ಎರಡೆರಡು ಕೈ ಬಳಿದಿದ್ದ ಸಣ್ಣ ವಾಷರು ಬೆಳ್ಳಿಯ ಕಾಲುಂಗುರವಾಗಿ ಹೊಳೆಯಿತು. ಇಂದ್ರವ್ವ ಅದನ್ನು ಸೆರಗಿನಿಂದ ಒರೆಸಿದಳು. ಆಮೇಲೆ, “ಇಕಿಗೆ ನಾ ಉಡಿ ತುಂಬಿದಾಗ ನೀನಿನ್ನೂ ಸಾಲಿಗೆ ಹೋಗತಿದ್ದೆಲ್ಲೋ, ಉಳವಪ್ಪಾ,” ಎಂದು ತಣ್ಣಗೆ ಹೇಳಿ, ಹೊಸ ಕಾಲುಂಗುರವನ್ನು ತಿರುಗಿ ಸಂಚಿಯೊಳಗೆ ಹಾಕಿ ಅದರ ಬಾಯಿ ಬಿಗಿದಳು.