ಕೈಗೆಟುಕದ ಕೊಂಬೆ

2018ರ ಜೂನ್ 23, ಶನಿವಾರ, ಬೆಳಗಿನ 8 ಗಂಟೆ 40 ನಿಮಿಷ. ಸೋಪುನೀರಿನ ಬೋಗುಣಿಯನ್ನು ಮೊಯೆಜ್‌ನ ಮುಂದಿಟ್ಟೆ.

"ನೋಡಿ, ರಾತ್ರಿಯಿಂದ ಒಬ್ಬಳೇ ಮರದಿಂದ ಒರೆಸಿದೀನಿ. ಇನ್ನೂರ ಹತ್ತು ಹಿಟ್ಟು ತಿಗಣೆ!"

ಅವನು ಬಗ್ಗಿ ನೋಡಿದ. ತಲೆಯೆತ್ತಲೇ ಇಲ್ಲ.

ನಬೂಲ್ ಊರಿನ ನಮ್ಮ ಅಂಗಳದಲ್ಲಿ ಇರುವುದು ಒಂದೇ ಕಹಿ ಕಿತ್ತಳೆ ಮರ. ಅದರ ಹೂವಿನಿಂದ ಅಮ್ಮ ಪ್ರತಿ ವಸಂತದಲ್ಲೂ ಹೂನೀರು ಬಟ್ಟಿ ಇಳಿಸುತ್ತಾಳೆ. ಈ ವರ್ಷ ಗಿಡದ ರಸ ಹೀರುವ ಈ ಬಿಳಿ ತಿಗಣೆ ಹತ್ತಿ ಒಂದು ಸೀಸೆಯೂ ತುಂಬಲಿಲ್ಲ. ಕೀಟ ಸಾಕುವ ಪ್ರಯೋಗಾಲಯದ ಮೊಯೆಜ್ ಮೂರು ವಾರದ ಹಿಂದೆ ನಲವತ್ತು ಗುಲಗಂಜಿ ಹುಳು ತಂದು ಬಿಟ್ಟ. ಅವುಗಳ ಮರಿಗಳು ತಿಗಣೆಗಳನ್ನು ತಿನ್ನುತ್ತವಂತೆ. ಎಣಿಸಲು ಶನಿವಾರ ಶನಿವಾರ ಬರುತ್ತಿದ್ದ. ನಾನು ಶನಿವಾರಗಳನ್ನು ಎಣಿಸುತ್ತಿದ್ದೆ.

ಅಮ್ಮ ಕೊಟ್ಟ ಗಡುವು ಇಂದು ಮಧ್ಯಾಹ್ನದವರೆಗೆ. ಆಮೇಲೆ ವಿಷ ಹೊಡೆಯುವವನು ಬರುತ್ತಾನೆ. ಮೊಯೆಜ್ ಬರಲು ಕಾರಣ ಉಳಿಯುವುದಿಲ್ಲ.

ಅವನು ಬೋಗುಣಿಯಿಂದ ಒಂದನ್ನು ಎತ್ತಿ ಸ್ಕೇಲಿನ ಮೇಲಿಟ್ಟ. "ಸುಂದುಸ್, ತಿಗಣೆ ನಾಲ್ಕೈದು ಮಿಲಿಮೀಟರ್ ದಾಟಲ್ಲ. ಇದು ಹತ್ತು ಇದೆ. ಇವು ನಮ್ಮ ಗುಲಗಂಜಿ ಮರಿಗಳು. ಅದೇ ಬಿಳಿ ಮೇಣ ಹೊದ್ದು ತಿಗಣೆ ಥರಾನೇ ಕಾಣ್ತಾವೆ."

ಔಷಧಿ ಅಂಗಡಿಯ ಕೆಲಸದಲ್ಲಿ ಒಂದು ಮಿಲಿಗ್ರಾಂ ತಪ್ಪದವಳು ನಾನು.

"ಬೈದುಬಿಡಿ."

"ತಪ್ಪು ನಂದೇ. ಇದನ್ನ ಹೇಳಬೇಕು ಅಂತ ದಾರಿಯುದ್ದಕ್ಕೂ ನೆನಪಿಟ್ಟು ಬರ್ತೀನಿ. ನೀವು ಕಾಫಿ ಹಿಡ್ಕೊಂಡು ನಿಂತ್ರೆ ಮರೆತೇಹೋಗುತ್ತೆ."

ಅಡುಗೆಮನೆಯಿಂದ ಅಮ್ಮನ ದನಿ, ಎಂದಿನಂತೆ ಅವನ ಹೆಸರಿಗೆ ಗೌರವದ 'ಸಿ' ಸೇರಿಸಿ: "ಏನಪ್ಪಾ ಸಿ ಮೊಯೆಜ್, ನಿನ್ನ ಸೈನ್ಯ ಸೋತಿತಾ? ಹೂನೀರಿಲ್ಲದೆ ಇವಳ ಮದುವೆ ಮಿಠಾಯಿ ಹೇಗೆ ಮಾಡಲಿ?"

"ಮದುವೆ... ಯಾರ ಜೊತೆ, ಖಾಲ್ತಿ?" ಎಂದ, ಅಮ್ಮನನ್ನು ಚಿಕ್ಕಮ್ಮ ಎಂದು ಕರೆಯುತ್ತಾ.

"ಬಾಯಿಬಿಟ್ಟು ಕೇಳೋನ ಜೊತೆ! ಹುಳ ಎಣಿಸ್ತಾ ಕೂರೋನ ಜೊತೆ ಅಲ್ಲ."

ಅವನ ಕಿವಿ ಕೆಂಪಾಯಿತು. ಏಣಿ ತಂದು ಮರಕ್ಕೆ ಒರಗಿಸಿದ. "ನಿಮ್ಮ ಕೈ ಎಟುಕದ ಕೊಂಬೇಲಿ ಮರಿ ಉಳಿದಿದ್ರೆ ಮರ ಉಳಿಯುತ್ತೆ. ವಿಷ ಬೇಡ ಅಂತ ಖಾಲ್ತಿಗೆ ನಾನೇ ಹೇಳ್ತೀನಿ."

ಏಣಿ ಹಿಡಿದುಕೊಂಡೆ. ಮೇಲೆ ಎಲೆ ಸರಿಸುವ ಸದ್ದು.

"ಇದೆಯಾ?"

ಒಂದು ಕೊಂಬೆ ಮೆಲ್ಲನೆ ನನ್ನ ಮುಖದ ಬಳಿಗೆ ಬಾಗಿತು. ಎಲೆಯ ಮೇಲಿನ ಒಂದು ಬಿಳಿ ಹುಳುವಿನ ಪಕ್ಕದಲ್ಲಿ ಸ್ಕೇಲು ಹಿಡಿದ ಅವನ ಬೆರಳುಗಳು.

"ಅಳತೆ ನೀವೇ ಓದಿ. ಅದಕ್ಕೂ ಮೊದಲು ಒಂದು ಮಾತು. ಇದು ಬರೀ ತಿಗಣೆ ಆಗಿದ್ರೂ, ಮರಾನೇ ಹೋದ್ರೂ, ನಾನು ಶನಿವಾರ ಬರಬಹುದಾ? ಉಳಿದ ದಿನಾನೂ?"

"ಬನ್ನಿ," ಎಂದೆ, ಸ್ಕೇಲನ್ನು ನೋಡದೆಯೇ.

ಆಮೇಲೆ ನೋಡಿದೆ. ಬಿಳಿ ಮರಿ ಎಲೆಯಂಚಿಗೆ ಬಂದು ಒಂದು ಕ್ಷಣ ನಿಂತಿತ್ತು: 12 ಮಿಲಿಮೀಟರ್.